ಮುಂಡಾಸಿನೊಳಗಿನ ಶ್ರುತಿ

ಈಗಿನ ಗಾಯಕರು ಕಿವಿಯೊಳಗೆ ಏನೋ ಒಂದನ್ನು ಸಿಕ್ಕಿಸಿಕೊಂಡು ವೇದಿಕೆಯ ಮೇಲೆ ಹಾಡುವುದನ್ನು ಟಿವಿಯಲ್ಲಿ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ತಮ್ಮ ದನಿಯೂ ಶ್ರುತಿಯೂ ತಮಗೆ ಸರಿಯಾಗಿ ಕೇಳಲಿ ಎಂದು ಹಾಕಿಕೊಳ್ಳುತ್ತಾರಂತೆ. ಬಹಳ ದುಬಾರಿಯದಂತೆ, ಹೊರದೇಶದ್ದಂತೆ. ಅದನ್ನು ನಾನು ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಹೊನ್ನಾವರದ ನನ್ನ ಅಂಗಡಿಯಲ್ಲಿ ಕೂತು ಮಾಡಿದ್ದೆ. ಒಂದು ಕೆಟ್ಟ ಪಾಕೆಟ್ ರೇಡಿಯೊ, ಭಟ್ಕಳದಿಂದ ತಂದ ಎರಡು ಇಯರ್‌ಫೋನು, ಸವೆದ ಹವಾಯಿ ಚಪ್ಪಲಿಯ ಒಂದು ತುಂಡು, ಇಷ್ಟೇ ಸಾಮಾನು. ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಾನಂತೂ ಹೇಳುವುದನ್ನು ಬಿಡುವವನಲ್ಲ.

ನಾನು ತೆಂಗಿನಗುಂಡಿಯ ಮೀನುಗಾರರ ಮನೆಯವನು. ಅಪ್ಪನಿಗೆ ದೋಣಿ ಇತ್ತು, ಬಲೆ ಇತ್ತು, ದೋಣಿ ಹತ್ತಿದ ಕೂಡಲೆ ವಾಂತಿ ಮಾಡಿಕೊಳ್ಳುವ ಮಗನೂ ಇದ್ದ. ನಮ್ಮ ಕೇರಿಯಲ್ಲಿ ಇದಕ್ಕಿಂತ ಮರ್ಯಾದೆಗೇಡಿನ ಸಂಗತಿ ಇನ್ನೊಂದಿರಲಿಲ್ಲ. ಎರಡು ವರ್ಷ ನೋಡಿ, ಇವನಿಂದ ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಪ್ಪ ನನ್ನನ್ನು ಹೊನ್ನಾವರದ ಒಬ್ಬ ರೇಡಿಯೊ ರಿಪೇರಿಯವರ ಹತ್ತಿರ ಬಿಟ್ಟರು. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ನನ್ನದೇ ಅಂಗಡಿಯಾಗಿತ್ತು. ಅಂಗಡಿಯ ಜತೆಗೆ ಒಂದು ಆಂಪ್ಲಿಫೈಯರ್, ಎರಡು ಮೈಕು, ನಾಲ್ಕು ಹಾರ್ನು ಇರುವ ಮೈಕ್ ಸೆಟ್ಟನ್ನೂ ಇಟ್ಟುಕೊಂಡಿದ್ದೆ. ಮದುವೆ, ಸತ್ಯನಾರಾಯಣ ಪೂಜೆ, ಭಜನೆ, ಯಕ್ಷಗಾನ ಎಲ್ಲದಕ್ಕೂ ಕರೆಯುತ್ತಿದ್ದರು.

ಕರೆಯುವವರಿಗೆಲ್ಲ ಒಂದೇ ಚಟ. ಹಾರ್ನನ್ನು ಎಷ್ಟು ಎತ್ತರದ ತೆಂಗಿನ ಮರಕ್ಕೆ ಕಟ್ಟಿದ್ದೀಯಾ, ಶರಾವತಿಯ ಆಚೆ ದಡಕ್ಕೆ ಕೇಳುತ್ತದಾ ಎಂದು ಕೇಳುವರೇ ಹೊರತು, ಹಾಡುವವನಿಗೆ ಏನು ಕೇಳುತ್ತದೆ ಎಂದು ಒಬ್ಬನೂ ಕೇಳಿದ್ದಿಲ್ಲ. ನಾನು ಅವರ ಜತೆ ಜಗಳ ಮಾಡಿ ಮಾಡಿ ಸಿಡುಕ ಎಂಬ ಹೆಸರು ತೆಗೆದುಕೊಂಡೆ. ಆ ಹೆಸರು ಸುಳ್ಳೇನೂ ಅಲ್ಲ.

ನನ್ನ ಸೋದರಮಾವ ಹಿರೇಗುತ್ತಿಯವರು. ಬೆಳಿಗ್ಗೆ ದೋಣಿ ಕೆಲಸ, ಉಳಿದ ಹೊತ್ತೆಲ್ಲ ಭಾಗವತಿಕೆ. ಯಕ್ಷಗಾನದಲ್ಲಿ ಪದ್ಯ ಹಾಡಿ ಇಡೀ ಆಟವನ್ನು ನಡೆಸುವವರೇ ಭಾಗವತರು, ಅವರು ಎಡವಿದರೆ ಎಲ್ಲರೂ ಎಡವುತ್ತಾರೆ. ಮಾವ ಮೂವತ್ತು ವರ್ಷ ಎಡವದೆ ಹಾಡಿದವರು. ಸಣ್ಣವನಿದ್ದಾಗ ಅವರ ತೊಡೆಯ ಮೇಲೆ ಕೂತು ಶ್ರುತಿ ಎಂದರೇನೆಂದು ತಿಳಿದುಕೊಂಡವನು ನಾನು. ರೇಡಿಯೊ ಸ್ವಲ್ಪ ಗೊರಗೊರ ಎಂದರೂ ನನ್ನ ಕಿವಿಗೆ ತಡೆಯಲಾಗದಿದ್ದುದು ಅವರಿಂದಲೇ ಬಂದ ರೋಗ.

ಆ ಮಳೆಗಾಲದಲ್ಲಿ ಕುಮಟೆಯ ಒಂದು ಸಭಾಭವನದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ತಾಳಮದ್ದಲೆ ಇಟ್ಟುಕೊಂಡಿದ್ದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುವುದು, ಕೂತ ಅರ್ಥಧಾರಿಗಳು ಆ ಪದ್ಯದ ಮೇಲೆ ಮಾತಿನಲ್ಲೇ ಪಾತ್ರ ಕಟ್ಟುವುದು, ಅವರ ಮಾತು ಮುಗಿದ ಕೂಡಲೆ ಭಾಗವತರು ಮುಂದಿನ ಪದ್ಯ ಎತ್ತುವುದು. ಮಳೆಗಾಲದಲ್ಲಿ ದೋಣಿಗಳೂ ದಡದ ಮೇಲೆ, ಮಾವನಿಗೆ ಹಾಡುವುದೇ ಕೆಲಸ. ಮೈಕ್ ಸೆಟ್ಟು ನನ್ನದು.

ಮೊದಲ ಭಾನುವಾರ ಮಾವನ ಶ್ರುತಿ ಎರಡು ಕಡೆ ಜಾರಿತು. ಎರಡನೆಯ ಭಾನುವಾರ ಚಂಡೆ ಏರಿದ ಕಡೆಯೆಲ್ಲ ಜಾರಿತು. ನಾನು ಆಂಪ್ಲಿಫೈಯರ್‌ನ ಹಿಂದೆ ತಲೆ ತಗ್ಗಿಸಿ ಕೂತೆ. ಮುಗಿದ ಮೇಲೆ ಸಂಘಟಕರು ನನ್ನನ್ನು ಪಕ್ಕಕ್ಕೆ ಕರೆದರು. ಅವರು ನಿವೃತ್ತ ಮಾಸ್ತರರು, ಕೆಟ್ಟವರಲ್ಲ. ನಿನ್ನ ಮಾವನಿಗೆ ನೀನೇ ತಿಳಿಸಿ ಹೇಳು, ಇನ್ನು ಮನೆಯಲ್ಲಿರಲಿ, ಬೇರೆ ಭಾಗವತರನ್ನು ಮಾತಾಡಿದ್ದೇವೆ ಎಂದರು. ನನಗೆ ಅವರ ಮೇಲೆ ಸಿಟ್ಟು ಬಂದದ್ದು ಅವರು ಹೇಳಿದ್ದು ನಿಜವಾಗಿದ್ದಕ್ಕೆ. ಇನ್ನೊಂದು ಭಾನುವಾರ ಅವಕಾಶ ಕೊಟ್ಟು ನೋಡಿ, ಆಗಲೂ ಸರಿಯಾಗದಿದ್ದರೆ ನಾನೇ ಹೇಳುತ್ತೇನೆ ಎಂದು ಕೈ ಹಿಡಿದುಕೊಂಡೆ. ಅವರು ಒಪ್ಪಿದರು. ಮಾವನಿಂದ ಭಾಗವತಿಕೆ ತೆಗೆದರೆ ಉಳಿಯುವುದು ಒಬ್ಬ ಮುದುಕ ಮಾತ್ರ ಎಂಬುದು ನನಗೆ ಗೊತ್ತಿತ್ತು.

ದನಿ ಕೆಟ್ಟಿರಲಿಲ್ಲ. ತಾಳ ಕೆಟ್ಟಿರಲಿಲ್ಲ. ಮತ್ತೆ ಏನು? ಉತ್ತರ ಸಿಕ್ಕಿದ್ದು ನನ್ನ ಅಂಗಡಿಯ ಮೂಲೆಯಲ್ಲೇ.

ಮಾವನ ಜತೆ ಇಪ್ಪತ್ತು ವರ್ಷ ಹಾರ್ಮೋನಿಯಂ ಹಿಡಿದು ಶ್ರುತಿ ಕೊಡುತ್ತಿದ್ದವರು ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅವರ ಪೆಟ್ಟಿಗೆಯನ್ನು ಮನೆಯವರು ರಿಪೇರಿಗೆಂದು ನನ್ನಲ್ಲಿ ಇಟ್ಟು ಹೋಗಿದ್ದರು. ಸೋಮವಾರ ಅದರ ಧೂಳು ಒರೆಸುವಾಗ ಒಂದು ಬದಿಯಲ್ಲಿ ಬಣ್ಣ ಪೂರ್ತಿ ಹೋಗಿ, ಅಂಗೈಯಷ್ಟು ಜಾಗದ ಮರ ನುಣ್ಣಗಾಗಿರುವುದು ಕಂಡಿತು. ಅದು ಮಾವ ಕೂರುತ್ತಿದ್ದ ಬದಿ. ಅವರು ಯಾವಾಗಲೂ ಮೊಣಕಾಲನ್ನು ಆ ಪೆಟ್ಟಿಗೆಗೆ ಒತ್ತಿಕೊಂಡು ಕೂರುತ್ತಿದ್ದರು. ಅದು ಅವರ ಗತ್ತು ಎಂದು ನಾವೆಲ್ಲ ತಿಳಿದಿದ್ದೆವು.

ನಾನು ಎರಡೂ ಕಿವಿಗೆ ಹತ್ತಿ ತುರುಕಿ, ಆ ಜಾಗಕ್ಕೆ ನನ್ನ ಮೊಣಕಾಲು ಒತ್ತಿ, ಬೆರಳಿನಿಂದ ಸ್ವರದ ಒಂದು ಮನೆ ಒತ್ತಿ ತಿದಿ ಎಳೆದೆ. ಶ್ರುತಿ ಮೂಳೆಯೊಳಗೆ ಏರಿ ಬಂತು. ಮಾವ ಶ್ರುತಿಯನ್ನು ಕೇಳುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು, ಮೊಣಕಾಲಿನಲ್ಲಿ ಹಿಡಿಯುತ್ತಿದ್ದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ.

ಅವರ ಜಾಗಕ್ಕೆ ಹೊಸದಾಗಿ ಬಂದ ಹಾರ್ಮೋನಿಯಂನವರು ದೇವಸ್ಥಾನದ ಪೂಜೆಯವರ ಮನೆಯವರು, ಬಹಳ ಆಚಾರವಂತರು. ಬಾರಿಸುವ ಮುಂಚೆ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ವಾದ್ಯಕ್ಕೆ ಕಾಲು ತಾಗುವುದೆಂದರೆ ಅವರಿಗೆ ಜೀವ ಹೋದಂತೆ. ಮಾವ ಮೊಣಕಾಲು ಚಾಚುವುದು, ಇವರು ಪೆಟ್ಟಿಗೆಯನ್ನು ಒಂದು ಗೇಣು ಆಚೆ ಎಳೆಯುವುದು, ಮಾವ ಸರಿಯುವುದು, ಇವರು ಮತ್ತೆ ಎಳೆಯುವುದು. ಎರಡನೆಯ ಭಾನುವಾರ ಮುಗಿಯುವಾಗ ಹಾರ್ಮೋನಿಯಂ ವೇದಿಕೆಯ ಅಂಚಿಗೆ ಬಂದಿತ್ತು. ಇಬ್ಬರಿಗೂ ಆಗಿಬರುವುದಿಲ್ಲ ಎಂದು ಜನ ನಕ್ಕರು, ನಾನೂ ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಾವನ ಕಿವಿ ಹೋಗಲು ಕಾರಣ ಚಂಡೆ. ಭಾಗವತರ ಎಡಗಡೆ, ಒಂದು ಮಾರು ದೂರದಲ್ಲಿ, ಮೂವತ್ತು ವರ್ಷ ಚಂಡೆ ಬಾರಿಸಿದರೆ ಎಡಕಿವಿ ಉಳಿದೀತಾ? ಆದರೆ ಮಾವನ ಹತ್ತಿರ ನಿಮಗೆ ಕಿವಿ ಕೇಳುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅತ್ತೆಗೂ ಇರಲಿಲ್ಲ. ಕೆಪ್ಪ ಭಾಗವತ ಎಂದು ಒಮ್ಮೆ ಹೆಸರು ಬಿದ್ದರೆ ಅದು ಕಾರವಾರದವರೆಗೆ ಹೋಗುತ್ತದೆ. ಹಾಗಾಗಿ ಹಾರ್ಮೋನಿಯಂನ ಶ್ರುತಿ ಮಾತ್ರ ಅವರ ಕಿವಿಯೊಳಗೆ ಸೀದಾ ಹೋಗಬೇಕು, ಬೇರೆ ಯಾರಿಗೂ ಗೊತ್ತಾಗಬಾರದು. ಆರು ದಿನ ಉಳಿದಿತ್ತು.

ಅಂಗಡಿಯಲ್ಲಿ ಹಳೆಯ ರೇಡಿಯೊಗಳ ಹರಳಿನ ಇಯರ್‌ಫೋನು ನಾಲ್ಕೈದು ಬಿದ್ದಿದ್ದವು. ಅದರ ಹರಳು ಒಂದು ಬಗೆಯ ಉಪ್ಪಿನದು. ನಮ್ಮ ಕಡೆಯ ಜೂನ್ ತಿಂಗಳ ಗಾಳಿಗೆ ಅದು ಒಳಗೇ ನೀರಾಗುತ್ತದೆ. ಅವುಗಳಲ್ಲಿ ಒಂದೂ ಉಸಿರೆತ್ತಲಿಲ್ಲ. ಬೇಕಾದದ್ದು ಅಯಸ್ಕಾಂತದ ಇಯರ್‌ಫೋನು. ಅದು ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಮಂಗಳವಾರ ಬೆಳಿಗ್ಗೆ ಭಟ್ಕಳದ ಬಸ್ಸು ಹತ್ತಿದೆ.

ಆ ಕಾಲದಲ್ಲಿ ಭಟ್ಕಳದ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಟೇಪ್ ರೆಕಾರ್ಡರ್ ಬರುತ್ತಿತ್ತು. ಪ್ರತಿ ಪೆಟ್ಟಿಗೆಯೊಳಗೂ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಇಯರ್‌ಫೋನು. ಅದನ್ನು ಯಾರೂ ಬಳಸುತ್ತಿರಲಿಲ್ಲ. ದುಬೈಯಿಂದ ಮಗ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಿದರೆ ಮನೆಯವರೆಲ್ಲ, ಪಕ್ಕದ ಮನೆಯವರೂ, ಸುತ್ತ ಕೂತು ಕೇಳಬೇಕು. ಒಬ್ಬರೇ ಕಿವಿಗೆ ಸಿಕ್ಕಿಸಿಕೊಂಡು ಕೇಳುವುದೆಂದರೆ ತಟ್ಟೆ ಮುಚ್ಚಿಕೊಂಡು ಉಂಡ ಹಾಗೆ. ನಾನು ಟೇಪ್ ರಿಪೇರಿ ಮಾಡಿಕೊಡುತ್ತಿದ್ದ ಒಂದು ಮನೆಯ ಅಜ್ಜಿ, ನವಾಯತ ಮುಸ್ಲಿಮರ ಮನೆಯ ಹಿರಿಯರು, ನನ್ನ ಮಾತು ಕೇಳಿ ಕಪಾಟಿನ ಖಾನೆ ಎಳೆದು ಎರಡು ಇಯರ್‌ಫೋನನ್ನು ನನ್ನ ಕೈಗೆ ಹಾಕಿದರು. ಇದು ಕಿವಿ ಮಂದವಾದವರಿಗೆ ಎಂದು ಕಳಿಸಿದ್ದು ಎಂದು ಅವರು ಇಷ್ಟು ದಿನ ತಿಳಿದಿದ್ದರಂತೆ. ಹೌದು ಅಮ್ಮ, ಅದಕ್ಕೇ ಎಂದೆ. ಚಹಾ ಕುಡಿಸಿಯೇ ಬಿಟ್ಟರು.

ಉಳಿದದ್ದು ನನ್ನ ಕೈಚಳಕ. ಇಯರ್‌ಫೋನನ್ನು ತಿರುಗಿಸಿ ಬಳಸಿದರೆ ಅದೇ ಸಣ್ಣ ಮೈಕಾಗುತ್ತದೆ. ಒಂದನ್ನು ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ಅಂಗಡಿಯಲ್ಲಿದ್ದ ಹಳೆಯ ಹಾರ್ಮೋನಿಯಂನ ಒಳಗೆ, ಸ್ವರ ಹುಟ್ಟುವ ರೀಡುಗಳ ಪಕ್ಕ ಇಟ್ಟು ನೋಡಿದೆ. ಅಲ್ಲಿಗೆ ಚಂಡೆಯ ಸದ್ದು ಹೋಗುವುದಿಲ್ಲ. ಪಾಕೆಟ್ ರೇಡಿಯೊದಲ್ಲಿ ಸ್ಟೇಷನ್ ಹಿಡಿಯುವ ಅರ್ಧ ಕೆಟ್ಟಿತ್ತು, ದನಿ ಹೆಚ್ಚಿಸುವ ಅರ್ಧ ಗಟ್ಟಿಯಾಗಿತ್ತು. ಆ ಅರ್ಧವನ್ನು ಉಳಿಸಿಕೊಂಡು, ಒಂದು ಟ್ರಾನ್ಸಿಸ್ಟರ್ ಹೆಚ್ಚಿಗೆ ಬೆಸುಗೆ ಹಾಕಿ, ಸಾಬೂನಿನ ಡಬ್ಬಿಯಲ್ಲಿ ಕೂರಿಸಿದೆ. ಇನ್ನೊಂದು ಇಯರ್‌ಫೋನು ಕಿವಿಗೆ. ಅದು ಬೀಳದಂತೆ, ಹೊರಗಿನ ಸದ್ದೂ ಒಳಗೆ ಬಾರದಂತೆ, ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಒಂದು ತುಂಡು ಕತ್ತರಿಸಿ, ಬ್ಲೇಡಿನಲ್ಲಿ ಕೆತ್ತಿ, ನನ್ನ ಕಿವಿಗೇ ಹಾಕಿ ಹಾಕಿ ನೋಡಿ ಅಚ್ಚು ಮಾಡಿದೆ. ಹೊಸ ಚಪ್ಪಲಿಯದು ಗಡಸು, ಸವೆದದ್ದೇ ಆಗಬೇಕು. ಕಿವಿ ಎರಡು ದಿನ ಕೆಂಪಾಗಿತ್ತು.

ತಂತಿಯನ್ನು ಎಲ್ಲಿ ಅಡಗಿಸುವುದು ಎಂಬುದಕ್ಕೆ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಭಾಗವತರು ಹಾಡಲು ಕೂರುವಾಗ ಕೆಂಪು ಮುಂಡಾಸು ಸುತ್ತುತ್ತಾರೆ. ಕಿವಿಯ ಮೇಲರ್ಧ ಅದರೊಳಗೇ ಇರುತ್ತದೆ. ಇನ್ನೊಂದು ಸುತ್ತು ಕೆಳಗಿಳಿಸಿದರೆ ಕಿವಿಯೇ ಕಾಣದು. ತಂತಿ ಮುಂಡಾಸಿನಿಂದ ಬೆನ್ನಿಗೆ, ಜುಬ್ಬಾದ ಒಳಗಿಂದ ಚಾಪೆಯ ಅಡಿಗೆ, ಅಲ್ಲಿಂದ ಡಬ್ಬಿಗೆ.

ಶನಿವಾರ ಹಿರೇಗುತ್ತಿಗೆ ಹೋಗಿ ಮಾವನ ಹತ್ತಿರ ಒಂದು ಸುಳ್ಳು ಹೇಳಿದೆ. ಹೊಸ ನಮೂನೆಯ ಯಂತ್ರ ಮಾಡಿದ್ದೇನೆ, ದೊಡ್ಡ ಭಾಗವತರೊಬ್ಬರು ಹಾಕಿಕೊಂಡು ಪರೀಕ್ಷೆ ಮಾಡಿಕೊಟ್ಟರೆ ನನ್ನ ವ್ಯಾಪಾರಕ್ಕೆ ಒಳ್ಳೆಯದಾಗುತ್ತದೆ ಎಂದೆ. ಮಾವ ನನ್ನ ಮುಖವನ್ನೇ ನೋಡಿದರು. ಕುಮಟೆಯಲ್ಲಿ ಏನು ಮಾತು ನಡೆದಿದೆ ಎಂಬುದು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

“ನಿನ್ನ ಯಾಪಾರಕ್ಕೆ ಅಂದ್ರೆ ಹಾಕ್ಕೊಳ್ವಾ, ಅದಕ್ಕೆಂತ,” ಎಂದರು.

ಭಾನುವಾರ ನಾನು ಎಲ್ಲರಿಗಿಂತ ಮುಂಚೆ ಕುಮಟೆ ತಲುಪಿದೆ. ಹಾರ್ಮೋನಿಯಂನವರಿಗೆ ಮಾತ್ರ ವಿಷಯ ಹೇಳಬೇಕಾಯಿತು. ಆ ಸಣ್ಣ ಮೈಕನ್ನು ಒಳಗಿಡಲು ಪೆಟ್ಟಿಗೆ ಬಿಚ್ಚುವ ಮುಂಚೆ ಅವರು ನನ್ನಿಂದ ಕೈಕಾಲು ತೊಳೆಸಿ, ಚಪ್ಪಲಿಯ ತುಂಡು ವಾದ್ಯಕ್ಕೆ ಸೋಕುವುದಿಲ್ಲ ತಾನೇ ಎಂದು ಮೂರು ಸಲ ಕೇಳಿದರು. ಇಲ್ಲ, ಅದು ಕಿವಿಯ ಕಡೆಯದು ಎಂದೆ. ಮೊಣಕಾಲಿನ ವಿಷಯ ಹೇಳಲಿಲ್ಲ, ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಆಮೇಲೆ ಮಾವನಿಗೆ ಇಯರ್‌ಫೋನು ಹಾಕಿ ಮುಂಡಾಸು ಸುತ್ತಿದೆ. ಬಲಕಿವಿಗೆ ಹಾಕಿದೆ. ಎಡದ್ದು ಕೆಟ್ಟಿದೆ ಎಂದ ಮೇಲೆ ಚೆನ್ನಾಗಿರುವ ಕಿವಿಗೇ ಹಾಕಬೇಕಲ್ಲ, ಇದರಲ್ಲಿ ಯೋಚನೆ ಮಾಡುವುದೇನಿದೆ? ಮಾವ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ನಾನು ಕೇಳಲಿಲ್ಲ, ಗಡಿಬಿಡಿಯಲ್ಲಿದ್ದೆ.

ಮೂರು ಗಂಟೆಗೆ ಶುರುವಾಯಿತು. ಮೊದಲ ಪದ್ಯಕ್ಕೇ ಸಭೆ ನೆಟ್ಟಗೆ ಕೂತಿತು. ಚಂಡೆ ಏರಿತು, ಮಾವನ ದನಿ ಅದರ ಮೇಲೆ ಏರಿತು, ಶ್ರುತಿ ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಸಂಘಟಕ ಮಾಸ್ತರರ ಕಡೆ ತಿರುಗಿ ನೋಡಿದೆ, ನೋಡಿ ಮೀಸೆ ಸವರಿಕೊಂಡೆ. ಇಂಥ ಹೊತ್ತಿನಲ್ಲಿ ಮೀಸೆ ಸವರಿಕೊಳ್ಳಬಾರದು ಎಂಬ ಬುದ್ಧಿ ಆಮೇಲೆ ಬಂದದ್ದು.

ಪದ್ಯ ಮುಗಿದು ಅರ್ಥ ಶುರುವಾಯಿತು. ರಾಜನ ಪಾತ್ರ ವಹಿಸಿದ ಹಿರಿಯ ಅರ್ಥಧಾರಿ ಹತ್ತು ನಿಮಿಷ ಮಾತಾಡಿ, ಕೊನೆಯ ಮಾತನ್ನು ಎತ್ತರಕ್ಕೆ ಒಯ್ದು ನಿಲ್ಲಿಸಿದರು. ಅಲ್ಲೇ ಮುಂದಿನ ಪದ್ಯ ಬರಬೇಕು. ಬರಲಿಲ್ಲ. ಮಾವ ಕಣ್ಣು ಮುಚ್ಚಿ ಕೂತಿದ್ದರು. ಮದ್ದಲೆಯವರು ನೋಡಿದರು, ಚಂಡೆಯವರು ನೋಡಿದರು. ಅರ್ಥಧಾರಿ ಕೆಮ್ಮಿದರು. ಸಭೆಯ ಹಿಂದಿನಿಂದ ಯಾರೋ ನಕ್ಕರು. ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು.

ಆಗ ಹೊಳೆಯಿತು. ಮಾತು ಕೇಳಲು ಮಾವನಿಗಿದ್ದದ್ದು ಬಲಕಿವಿ ಒಂದೇ. ಅದನ್ನು ನಾನು ಹವಾಯಿ ಚಪ್ಪಲಿಯಿಂದ ಜಡಿದು ಮುಚ್ಚಿಟ್ಟಿದ್ದೆ. ಅವರಿಗೆ ಶ್ರುತಿ ಬಿಟ್ಟರೆ ಲೋಕದಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಮೈಕ್ ಸರಿ ಮಾಡುವವನ ಹಾಗೆ ಬಗ್ಗಿಕೊಂಡು ವೇದಿಕೆಗೆ ಹೋಗಿ ಅವರ ಮುಂದೆ ಕೂತು ಭುಜ ಮುಟ್ಟಿದೆ.

ಮಾವ ಕಣ್ಣು ತೆರೆದರು. ಒಮ್ಮೆ ಅರ್ಥಧಾರಿಯ ಮುಖ ನೋಡಿದರು, ಒಮ್ಮೆ ಸಭೆಯನ್ನು ನೋಡಿದರು, ಏನಾಗಿದೆ ಎಂದು ತಿಳಿಯಿತು. ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದರು:

“ತಮಾ, ಇದನ್ನ ಎಡಕಿವಿಗೆ ಹಾಕು. ಎಡದ್ದು ಚಂಡೆಗೆ ಹೋಗಿ ಎಂಟು ವರ್ಷ ಆತು. ಮಾತು ಕೇಳೂಕೆ ನಂಗೆ ಬಲದ್ದೊಂದೇ ಉಳಿದದ್ದು.”

ಮೈಕಿಗೆ ಕೈ ಹಾಕುವ ಮುಂಚೆ ದನಿ ತಗ್ಗಿಸಬೇಕು. ಅದು ನಾನು ಈ ಕಸುಬಿನಲ್ಲಿ ಕಲಿತ ಮೊದಲ ಪಾಠ, ಎಷ್ಟೋ ಜನರಿಗೆ ಬೈದು ಕಲಿಸಿದ ಪಾಠ. ಆ ದಿನ ಮರೆತಿದ್ದೆ. ಮಾವನ ಆ ಮಾತು ಅವರ ಮುಂದಿದ್ದ ಮೈಕಿನ ಒಳಹೊಕ್ಕು ನನ್ನ ನಾಲ್ಕೂ ಹಾರ್ನಿನಲ್ಲಿ ಹೊರಬಂತು. ಸಭೆಯೊಳಗೂ ಕೇಳಿತು, ಹೊರಗಿನ ರಸ್ತೆಯಲ್ಲೂ ಕೇಳಿತು. ಎಂಟು ವರ್ಷ ಹೆಂಡತಿಗೂ ಹೇಳದೆ ಬಚ್ಚಿಟ್ಟದ್ದನ್ನು ನಾನು ಊರಿಗೇ ಕೇಳಿಸಿಬಿಟ್ಟಿದ್ದೆ.

ಮುಂಡಾಸು ಸಡಿಲಿಸಿ ಇಯರ್‌ಫೋನನ್ನು ಎಡಕಿವಿಗೆ ಹಾಕಿದೆ. ಕಿವಿಯ ಆಕಾರ ಬೇರೆ, ಒತ್ತಿ ಕೂರಿಸಬೇಕಾಯಿತು. ಡಬ್ಬಿಯ ದನಿಯನ್ನು ತಿರುಗಿಸುತ್ತ ಹೋದೆ, ಅರ್ಧಕ್ಕೆ, ಮುಕ್ಕಾಲಿಗೆ. ಮಾವ ತಲೆಯಾಡಿಸಿದರು. ಕೆಟ್ಟ ಕಿವಿಯೂ ಪೂರ್ತಿ ಸತ್ತಿರಲಿಲ್ಲ. ಚಂಡೆಯನ್ನು ಹೊರಗಿಟ್ಟು ಶ್ರುತಿಯನ್ನಷ್ಟೇ ಹತ್ತಿರದಿಂದ ಕೊಟ್ಟರೆ ಅದು ಹಿಡಿದುಕೊಂಡಿತು. ಇದು ನನಗೆ ಗೊತ್ತಿರಲಿಲ್ಲ, ನನ್ನ ಜಾಣತನವೆಂದು ಹೇಳಿಕೊಳ್ಳುವುದಿಲ್ಲ.

ನಾನು ಎದ್ದು ಬಂದ ಮೇಲೆ ಆ ಹಿರಿಯ ಅರ್ಥಧಾರಿ ಏನೂ ಆಗದವರ ಹಾಗೆ ಮಾವನ ಬಲಕ್ಕೆ ಮುಖ ತಿರುಗಿಸಿ, ತಮ್ಮ ಕೊನೆಯ ಮಾತನ್ನು ಇನ್ನೊಮ್ಮೆ, ಮೊದಲಿಗಿಂತ ಚೆನ್ನಾಗಿ, ಎತ್ತರಕ್ಕೆ ಒಯ್ದು ನಿಲ್ಲಿಸಿದರು. ಆ ಮಾತಿನ ಬಾಲ ಹಿಡಿದೇ ಮಾವ ಪದ್ಯ ಎತ್ತಿದರು. ಅಂಥ ಭಾಗವತಿಕೆಯನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಬಚ್ಚಿಡುವ ಕೆಲಸ ಮುಗಿದದ್ದರಿಂದ ಇರಬೇಕು, ಮಾವ ಕೊನೆಯವರೆಗೂ ಹೆದರಿಕೆಯಿಲ್ಲದೆ ಹಾಡಿದರು.

ಆರು ಗಂಟೆಗೆ ಮಂಗಳ ಹಾಡಿದ ಮೇಲೆ ಮಾಸ್ತರರು ನನ್ನ ಹತ್ತಿರ ಬಂದರು. ಹಿಂದಿನ ವಾರದ ಮಾತು ಎತ್ತಲಿಲ್ಲ. ಬರುವ ಭಾನುವಾರ ಡಬ್ಬಿಗೆ ಹೊಸ ಸೆಲ್ಲು ಹಾಕಿ ತರಲು ಹೇಳಿ ಹೋದರು. ನಾನು ಮಾವನ ಕಾಲು ಹಿಡಿಯಲೆಂದು ವೇದಿಕೆಗೆ ಹೋದೆ. ಅವರು ಇನ್ನೂ ಮುಂಡಾಸು ಬಿಚ್ಚಿರಲಿಲ್ಲ. ಹಾರ್ಮೋನಿಯಂನವರು ಪೆಟ್ಟಿಗೆ ಮುಚ್ಚುವ ಮುಂಚೆ ಸುಮ್ಮನೆ ಏನೋ ನುಡಿಸುತ್ತಿದ್ದರು, ಮಾವ ಎಡಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅದನ್ನು ಕೇಳುತ್ತಿದ್ದರು.

“ಇಂವ ಇಷ್ಟ್ ಚಂದ ಬಾರಿಸ್ತಿದ್ನಾ? ನಂಗೆ ಇವತ್ತೇ ಗೊತ್ತಾದದ್ದು,” ಎಂದರು.

ಅವರ ಕಿವಿಯೊಳಗೆ ಹಾರ್ಮೋನಿಯಂ ಇದ್ದುದರಿಂದ ದನಿ ದೊಡ್ಡದಾಗಿಯೇ ಬಂತು. ಹಾರ್ಮೋನಿಯಂನವರ ಕೈ ನಿಂತಿತು. ನನ್ನ ಕಡೆ ತಿರುಗಿ, ಭಾಗವತರು ಕಾಲು ತಾಗಿಸುತ್ತಿದ್ದುದು ಅದಕ್ಕೇನಾ ಎಂದು ಕೇಳಿದರು. ನಾನು ಹಳೆಯ ಪೆಟ್ಟಿಗೆಯ ಸವೆದ ಜಾಗದ ಕಥೆ ಹೇಳಿದೆ. ಅವರು ಪೆಟ್ಟಿಗೆ ಮುಚ್ಚಿ ಎತ್ತಿಕೊಂಡು ಹೋದರು.

ಮುಂದೆ ಅಂಥ ಡಬ್ಬಿಗಳನ್ನು ನಾನು ಬಹಳ ಮಾಡಿದೆ. ಹೊನ್ನಾವರದ ಅಂಗಡಿಗೆ ಒಬ್ಬೊಬ್ಬರೇ ಭಾಗವತರು ಬಂದು, ತಮಗಲ್ಲ, ತಮ್ಮ ಸ್ನೇಹಿತರಿಗೆ ಎನ್ನುತ್ತಿದ್ದರು. ಸ್ನೇಹಿತರ ಯಾವ ಕಿವಿ ಎಂದು ಕೇಳುತ್ತಿದ್ದೆ. ಎಡದ್ದು ಎನ್ನುತ್ತ ತಮ್ಮ ಎಡಕಿವಿ ಮುಟ್ಟಿಕೊಳ್ಳುತ್ತಿದ್ದರು. ಭಟ್ಕಳದ ಆ ಅಜ್ಜಿ ನೆಂಟರ ಮನೆಗಳಿಂದಲೂ ಇಯರ್‌ಫೋನು ಕೂಡಿಸಿ ಇಡುತ್ತಿದ್ದರು. ನನ್ನ ಮನೆಯಲ್ಲಿ ಸವೆದ ಚಪ್ಪಲಿ ಎಸೆಯುವುದು ನಿಂತೇಹೋಯಿತು.

ಅದೆಲ್ಲ ಆಮೇಲಿನ ಮಾತು. ಆ ದಿನದ ಮರು ಭಾನುವಾರ ಕುಮಟೆಯಲ್ಲಿ ನಾನು ಮೈಕು ಕಟ್ಟುತ್ತಿದ್ದೆ. ಮಾವ ಬಂದು ತಮ್ಮ ಜಾಗದಲ್ಲಿ ಕೂತರು. ಡಬ್ಬಿ ಇದೆ ಎಂಬ ಧೈರ್ಯಕ್ಕೆ ಕಾಲನ್ನು ಮಡಚಿ, ಮೊಣಕಾಲು ಎಲ್ಲೂ ತಾಗದಂತೆ ಒಳಗೆ ಎಳೆದುಕೊಂಡು ಕೂತಿದ್ದರು. ಹಾರ್ಮೋನಿಯಂನವರು ಬಂದರು, ಪೆಟ್ಟಿಗೆ ಇಟ್ಟರು, ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ಕಡೆಗೆ ಸರಿಸಿದರು. ಒಂದು ಗೇಣು, ಇನ್ನೊಂದು ಗೇಣು, ಅದರ ಬದಿ ಮಾವನ ಮೊಣಕಾಲಿಗೆ ಬಂದು ಒತ್ತುವವರೆಗೂ ಸರಿಸಿದರು. ಡಬ್ಬಿ ಇದೆಯಲ್ಲ, ಈಗ ಅದು ಬೇಕಾಗಿಲ್ಲ ಎಂದು ಹೇಳಲು ಹೊರಟವನು ನಾನು ತಿರುಗಿ ಮೈಕು ಕಟ್ಟತೊಡಗಿದೆ. ಅವರು ತಿದಿ ಎಳೆದು ಶ್ರುತಿ ಹಿಡಿದರು.